ಅಳಿಸಿದ ಹೆಸರುಗಳ ಮೊಕದ್ದಮೆ

2003ನೇ ಇಸವಿಯಲ್ಲಿ ನಾನು ಕಮಲಾಪುರ ಪೊಲೀಸ್ ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿದ್ದೆ. ಇಂದಿನ ಕಲಬುರಗಿಯನ್ನು ಸರಕಾರಿ ಕಾಗದಗಳಲ್ಲಿ ಆಗಿನ್ನೂ ಗುಲ್ಬರ್ಗ ಎಂದೇ ಬರೆಯುತ್ತಿದ್ದೆವು. ಕೊಲೆ ಯತ್ನದ ಪ್ರಕರಣದಲ್ಲಿ ತನಿಖೆ ಮುಗಿಸಿ ಚಾರ್ಜ್‌ಶೀಟ್ ಸಲ್ಲಿಸುವಾಗ ಕೃತ್ಯಕ್ಕೆ ಕಾರಣವೇನೆಂದು ನಮೂದಿಸಬೇಕಾಗುತ್ತದೆ. ನಮ್ಮ ಸರಹದ್ದಿನಲ್ಲಿ ಆ ಕಾರಣಗಳು ಬಹುಮಟ್ಟಿಗೆ ಮೊದಲೇ ಗೊತ್ತಿದ್ದವು: ಹೊಲದ ಬದು, ಬಾವಿಯ ನೀರು, ಚುನಾವಣೆಯ ಹಗೆತನ, ಕುಡಿತ. ಆ ವರ್ಷ ಒಂದು ಪ್ರಕರಣದಲ್ಲಿ ಮಾತ್ರ ನಾನು ಬರೆದ ಕಾರಣವನ್ನು ಓದಿ ಮೇಲಧಿಕಾರಿಗಳು ನನ್ನನ್ನು ಕರೆಸಿ, ಇದೇನು ತಮಾಷೆಯೇ ಎಂದು ಕೇಳಿದರು. ನಾನು ಬರೆದದ್ದು ಇಷ್ಟು: 'ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮಿನಿಂದ ಕೆಲಸ ಮಾಡಿದವರ ಹೆಸರು ಅಳಿಸಿದ್ದನ್ನು ಪ್ರಶ್ನಿಸಿದ ಕಾರಣ.'

ಅದರಲ್ಲಿ ತಮಾಷೆ ಏನೂ ಇರಲಿಲ್ಲ. ಒಬ್ಬ ಯುವಕನ ಬಲಗೈ ಹೋಗಿತ್ತು, ಒಂದು ಕಟ್ಟಡ ಸುಟ್ಟಿತ್ತು, ಒಬ್ಬ ಮುದುಕರ ತಲೆ ಒಡೆದಿತ್ತು.

ಎಲ್ಲ ಆರಂಭವಾದದ್ದು ಕಮಲಾಪುರದ ಒಂದು ಶಾಲೆಯ ಕಂಪ್ಯೂಟರ್ ಕೋಣೆಯ ಉದ್ಘಾಟನೆಯಲ್ಲಿ. ಗಣ್ಯರು ಬರುವವರಿದ್ದುದರಿಂದ ನಾನು ನಾಲ್ವರು ಪೇದೆಗಳೊಂದಿಗೆ ಬಂದೋಬಸ್ತಿಗೆ ಹೋಗಿದ್ದೆ. ಕಂಪ್ಯೂಟರ್ ಒದಗಿಸಿದವನು ಗುಲ್ಬರ್ಗದಲ್ಲಿ ತರಬೇತಿ ಕೇಂದ್ರ ನಡೆಸುತ್ತಿದ್ದ ಚಂದ್ರಕಾಂತ ಎಂಬವನು. ಬಿಳಿ ಸಫಾರಿ, ಕೊರಳಲ್ಲಿ ಚೆಂಡುಹೂವಿನ ಹಾರ. ವೇದಿಕೆಯ ಮೇಲೆ ದೊಡ್ಡ ಪರದೆ ಕಟ್ಟಿಸಿ, ಕಂಪ್ಯೂಟರಿನಲ್ಲಿ ಕಾಣುವುದನ್ನೆಲ್ಲ ಅದರ ಮೇಲೆ ಬೀಳುವಂತೆ ಮಾಡಿದ್ದ. ಪರದೆಯ ತುಂಬ ಕನ್ನಡ ಅಕ್ಷರಗಳು. ಕಂಪ್ಯೂಟರ್ ಎಂದರೆ ಇಂಗ್ಲಿಷ್ ಎಂದುಕೊಂಡಿದ್ದ ಊರಿನ ಜನ ಬಾಯಿ ತೆರೆದು ನೋಡುತ್ತಿದ್ದರು. "ಇದು ನಮ್ಮ ಸಂಸ್ಥೆ ಸ್ವಂತ ತಯಾರು ಮಾಡಿದ್ದು. ಇದರ ಹೆಸರು ಚಂದ್ರ," ಎಂದು ಅವನು ಹೇಳಿದಾಗ ಚಪ್ಪಾಳೆ ಬಿತ್ತು.

ಆಗ ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತ. ತೆಳ್ಳಗಿನ ಮೈ, ಕಣ್ಣಿಗೆ ದಪ್ಪ ಕನ್ನಡಕ. ಮಲ್ಲಿಕಾರ್ಜುನ ಎಂದು ಅವನ ಹೆಸರು. ಕಮಲಾಪುರದವನೇ, ಗುಲ್ಬರ್ಗದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸಕ್ಕಿದ್ದ. ಅವನು ನೇರ ವೇದಿಕೆ ಹತ್ತಿ, ಯಾರೂ ತಡೆಯುವುದಕ್ಕೆ ಮೊದಲೇ ಕಂಪ್ಯೂಟರಿನ ಮೌಸ್ ಹಿಡಿದು ಏನೋ ಒತ್ತಿದ. ಪರದೆಯ ಮೇಲೆ 'ಕೊಡುಗೆದಾರರು' ಎಂಬ ಪುಟ ತೆರೆಯಿತು. ಅದರಲ್ಲಿ ಇದ್ದದ್ದು ಚಂದ್ರಕಾಂತನ ಒಂದೇ ಹೆಸರು, ಅವನ ಫೋಟೋ.

"ಇದು ಇವರದಲ್ರಿ," ಎಂದ ಮಲ್ಲಿಕಾರ್ಜುನ, ಮೈಕಿಗೆ ಬಾಯಿ ಹಚ್ಚಿ. "ಇದು ಜಗತ್ತಿನ ನೂರಾರು ಮಂದಿ ಕೂಡಿ ಮಾಡಿದ್ದು. ಇದರಾಗಿನ ಕನ್ನಡ ನಾವು ಮಾಡಿದ್ದು. ಬೆಳಕಿಂಡಿ ಅಂತ ಹೆಸರಿಟ್ಟಿದ್ವಿ. ಯಾರು ಬೇಕಾದ್ರೂ ತೊಗೋರಿ, ಮಾರ್ಕೋರಿ, ನಮ್ಮದೇನೂ ತಕರಾರಿಲ್ಲ. ಇಲ್ಲಿ ನಮ್ಮೆಲ್ಲರ ಹೆಸರಿದ್ವು. ಅವನ್ನ ಯಾಕ ತೆಗದ್ರಿ? ಅಷ್ಟು ಹೇಳ್ರಿ."

ಚಂದ್ರಕಾಂತ ನಗಲು ನೋಡಿದ. "ಪುಕ್ಕಟೆ ಬಂದ ಮಾಲಿಗೆ ಹೆಸರೇನಲೇ ತಮ್ಮಾ?" ಎಂದ. ಹಿಂದಿನಿಂದ ಯಾರೋ, "ಹಂಗಾದ್ರ ನಿಂದ್ಯಾಕ ಹಾಕ್ಕೊಂಡಿ?" ಎಂದು ಕೂಗಿದರು. ಶಾಲೆಯ ಮಕ್ಕಳು ಹೋ ಎಂದು ನಕ್ಕರು. ಆ ನಗು ಚಂದ್ರಕಾಂತನ ಮುಖಕ್ಕೆ ಏನು ಮಾಡಿತೆಂಬುದನ್ನು ನಾನು ಹತ್ತಿರದಿಂದಲೇ ಕಂಡೆ. ಗಣ್ಯರು ಎದ್ದು ಹೊರಟರು. ಗಲಾಟೆಯಾಗದಿರಲೆಂದು ನಾನು ಮಲ್ಲಿಕಾರ್ಜುನನ ರಟ್ಟೆ ಹಿಡಿದು ಹೊರಗೆ ಕರೆದೊಯ್ದು, ಮನೆಗೆ ಹೋಗೆಂದು ಹೇಳಿ ಕಳಿಸಿದೆ. ಅವನ ಜೊತೆ ಹತ್ತಿಯ ಸೀರೆ ಉಟ್ಟ ಯುವತಿಯೊಬ್ಬಳೂ ಹೊರಗೆ ಬಂದಳು. ಇಬ್ಬರೂ ಹುಮನಾಬಾದ್ ರಸ್ತೆಯತ್ತ ನಡೆದು ಹೋದರು.

ಊಟ ಮುಗಿಸಿ ಠಾಣೆಗೆ ಬಂದು ಕೂತಿದ್ದೆನಷ್ಟೆ, ಬಾಳೆ ತೋಟದ ಆಳೊಬ್ಬ ಓಡಿ ಬಂದ. ಅವನ ಅಂಗಿಯ ಮೇಲೆ ರಕ್ತವಿತ್ತು, ಅವನದಲ್ಲ. "ಲಗೂನ ಬರ್ರಿ ಸಾಹೇಬ್ರ, ಮಲ್ಲಣ್ಣಗ ಕೊಲ್ಲಾಕತ್ತಾರ!" ಎಂದ.

ತೋಟ ಮಲ್ಲಿಕಾರ್ಜುನನ ಸೋದರಮಾವನದು. ರಸ್ತೆಯಿಂದ ಸ್ವಲ್ಪ ಒಳಗೆ, ಕೆಂಪುಬಾಳೆಯ ಗಿಡಗಳ ನಡುವೆ ಪಂಪ್‌ಹೌಸು. ನಾವು ಹೋಗುವಷ್ಟರಲ್ಲಿ ಬಂದವರು ಜೀಪು ಹತ್ತಿ ಪರಾರಿಯಾಗಿದ್ದರು. ಪಂಪ್‌ಹೌಸಿನ ಕಲ್ಲುಮೆಟ್ಟಿಲ ಮೇಲೆ ಮಲ್ಲಿಕಾರ್ಜುನ ಅಡ್ಡ ಬಿದ್ದಿದ್ದ. ಬಲಗೈ ಮೆಟ್ಟಿಲ ಮೇಲೆಯೇ ಇತ್ತು. ಅದನ್ನು ಕೈ ಎನ್ನಲಾಗುತ್ತಿರಲಿಲ್ಲ. ಮಣಿಕಟ್ಟಿನಿಂದ ಕೆಳಗೆ ಚರ್ಮ ಮೂಳೆ ಕಲಸಿಹೋಗಿ ಕಲ್ಲಿಗೆ ಅಂಟಿಕೊಂಡಿತ್ತು. ಬದಿಯಲ್ಲಿ ಜೀಪಿನ ಜಾಕ್ ತಿರುಗಿಸುವ ಕಬ್ಬಿಣದ ಸಲಾಕೆ ಬಿದ್ದಿತ್ತು. ಆ ಯುವತಿ ತನ್ನ ಸೆರಗು ಹರಿದು ಅವನ ಮುಂಗೈಗೆ ಬಿಗಿದು ಹಿಡಿದು ಕೂತಿದ್ದಳು. ಅವಳ ದವಡೆ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ಬಾಯಿಯಿಂದ ರಕ್ತ ಸುರಿಯುತ್ತಿತ್ತು. ಅದರಲ್ಲಿ ಅರ್ಧ ತನ್ನದಲ್ಲ, ಒಬ್ಬನ ತೋಳು ಕಚ್ಚಿ ಹರಿದದ್ದು ಎಂದು ಆಮೇಲೆ ಹೇಳಿದಳು.

ಅಂಬುಲೆನ್ಸಿಗೆ ಕಾಯುವಷ್ಟು ಹೊತ್ತಿರಲಿಲ್ಲ. ಠಾಣೆಯ ಜೀಪಿನ ಹಿಂಬದಿಯಲ್ಲಿ ಅವನನ್ನು ಮಲಗಿಸಿಕೊಂಡು ಗುಲ್ಬರ್ಗದ ದಾರಿ ಹಿಡಿದೆವು. ಪ್ರತಿ ತಗ್ಗಿಗೂ ಅವನು ಕೂಗುತ್ತಿದ್ದ. ಹೆಡ್ ಕಾನ್‌ಸ್ಟೆಬಲ್ ಹಣಮಂತರಾಯ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಬಂತಪ್ಪ, ಊರು ಬಂತು," ಎಂದು ದಾರಿಯುದ್ದಕ್ಕೂ ಸುಳ್ಳು ಹೇಳುತ್ತ ಬಂದರು. ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆಯಬೇಕಾಯಿತು. ಉಳಿದದ್ದು ಹೆಬ್ಬೆರಳು, ಕಿರುಬೆರಳು.

ಯುವತಿಯ ಹೆಸರು ವೃಂದಾ. ಬ್ರಹ್ಮಪುರದವಳು, ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಕಣ್ಣಾರೆ ನೋಡಿದ ಸಾಕ್ಷಿ ಅವಳೊಬ್ಬಳೇ. ತೋಟದ ಆಳು ಬಂದದ್ದು ಕೊನೆಗೆ. ಆಸ್ಪತ್ರೆಯ ವರಾಂಡದಲ್ಲಿ ದವಡೆಗೆ ಪಟ್ಟಿ ಕಟ್ಟಿಸಿಕೊಂಡು, ಅರ್ಧ ತೆರೆದ ಬಾಯಿಯಲ್ಲೇ ಅವಳು ಹೇಳಿಕೆ ಕೊಟ್ಟಳು. ಬಂದವರು ಮೂವರು. ಚಂದ್ರಕಾಂತನ ಹೆಂಡತಿಯ ತಮ್ಮ ಶಂಕರ, ಜೀಪಿನ ಡ್ರೈವರ್, ಮತ್ತು ಅವರ ಸಂಸ್ಥೆಯಲ್ಲಿ ಪ್ರೋಗ್ರಾಮರ್ ಆಗಿದ್ದ ಜಗದೀಶ. ಶಂಕರ ಮಲ್ಲಿಕಾರ್ಜುನನ ಕೂದಲು ಹಿಡಿದು ಎಳೆದು ತಂದು, "ಯಾವ ಕೈಲೆ ಬರದೀಯೋ ಮಗನ, ತೋರ್ಸು," ಎಂದನಂತೆ. ಡ್ರೈವರ್ ಎದೆಯ ಮೇಲೆ ಕೂತ. ಬಲಗೈಯನ್ನು ಕಲ್ಲಿನ ಮೇಲೆ ಒತ್ತಿ ಹಿಡಿದವನು ಜಗದೀಶ. ಸಲಾಕೆ ಎತ್ತಿದವನು ಶಂಕರ. ಮೊದಲ ಏಟಿಗೆ ಮಲ್ಲಿಕಾರ್ಜುನ ಕೂಗಿದ, ಆಮೇಲಿನವಕ್ಕೆ ಕೂಗಲಿಲ್ಲ.

ಹೇಳಿಕೆ ಬರೆಯುತ್ತಿರುವಾಗ ಅವಳ ತಂದೆ ಬಂದರು. ಬ್ರಹ್ಮಪುರದ ಒಂದು ಗುಡಿಯಲ್ಲಿ ಪೂಜೆ ಮಾಡುವ ಆಚಾರ್ಯರು, ವಯಸ್ಸಾದವರು. ಮಗಳ ಮುಖ ನೋಡಿ ಗೋಡೆ ಹಿಡಿದು ನಿಂತರು. ಆಮೇಲೆ ನನ್ನ ಕಡೆ ತಿರುಗಿ ಕೈಮುಗಿದರು.

"ಸಾಹೇಬ್ರ, ಆಕಿ ಹೆಸರು ಬರೀಬ್ಯಾಡ್ರಿ. ಯಾರೋ ಒಬ್ಬ ಹೆಣ್ಮಗಳು ಇದ್ದಳು ಅಂತ ಬರೀರಿ. ಅವರು ಮನಿ ತನಕ ಬರೋ ಮಂದಿ."

ನಾನು ಉತ್ತರಿಸುವ ಮೊದಲೇ ವೃಂದಾ ಮಾತಾಡಿದಳು. "ಅಪ್ಪಾ, ಅಲ್ಲಿ ನನ್ನ ಹೆಸರು ಅಳಸ್ಯಾರ ಅಂತ ಜಗಳ ಮಾಡಿ ಬಂದು, ಇಲ್ಲಿ ನಾನೇ ಅಳಿಸ್ಕೊಳ್ಳಲೇನು?" ಎಂದಳು. ನನ್ನತ್ತ ನೋಡಿ, "ಪೂರ್ತಿ ಬರೀರಿ. ವೃಂದಾ, ಬ್ರಹ್ಮಪುರ," ಎಂದಳು.

ಹೆಸರಿನ ಈ ಹಟ ನನಗೆ ಆಗ ಅರ್ಥವಾಗಲಿಲ್ಲ. ಕಾರಣ ಬರೆಯಬೇಕಾದವನು ನಾನು, ಹಾಗಾಗಿ ಕೇಳಿದೆ. ಅವಳು ತಾಳ್ಮೆಯಿಂದ ವಿವರಿಸಿದಳು. ಕಂಪ್ಯೂಟರ್ ಏಳುವುದಕ್ಕೂ ಓಡುವುದಕ್ಕೂ ಆಧಾರವಾದ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ. ಕೆಲವು ಕಂಪನಿಗಳು ಅದನ್ನು ಮಾರುತ್ತವೆ; ಅದರ ಒಳಗೆ ಏನಿದೆಯೆಂದು ಯಾರಿಗೂ ತೋರಿಸುವುದಿಲ್ಲ. ಇನ್ನೊಂದು ಬಗೆಯದು ಫ್ರೀ ಸಾಫ್ಟ್‌ವೇರ್. ಅದನ್ನು ಬೇರೆ ಬೇರೆ ದೇಶದ ಜನ ತಮ್ಮ ಬಿಡುವಿನಲ್ಲಿ ಬರೆಯುತ್ತಾರೆ, ಒಳಗಿನ ಬರಹವನ್ನು ಬಿಚ್ಚಿಟ್ಟು ಕೊಡುತ್ತಾರೆ. ಯಾರು ಬೇಕಾದರೂ ಪ್ರತಿ ಮಾಡಬಹುದು, ತಿದ್ದಬಹುದು, ಮಾರಲೂಬಹುದು. ಆದರೆ ಮೊದಲು ಬರೆದವರ ಹೆಸರು ಕೀಳಬಾರದು, ತಾನು ತಿದ್ದಿದ್ದನ್ನು ಮುಚ್ಚಿಡಬಾರದು.

"ಹೆಸರು ಬರೇ ಹೊಗಳಿಕಿಗಲ್ರಿ," ಎಂದಳು ಅವಳು. "ಎಲ್ಲ್ಯರ ತಪ್ಪಾದ್ರ ಜನ ಆ ಹೆಸರು ನೋಡಿ ನಮಗ ಬರದು ಕೇಳ್ತಾರ. ನಾವು ರಿಪೇರಿ ಮಾಡ್ತೀವಿ. ಹೆಸರು ತೆಗದ್ರ ಕೇಳೋರಿಗೂ ದಿಕ್ಕಿಲ್ಲ, ಹೇಳೋರಿಗೂ ದಿಕ್ಕಿಲ್ಲ."

ಅವರ ಬಳಗದಲ್ಲಿ ಏಳೆಂಟು ಜನರಿದ್ದರು. ಪರದೆಯ ಮೇಲಿನ ಒಂದೊಂದು ಶಬ್ದಕ್ಕೂ ಕನ್ನಡ ಹುಡುಕಿ, ವಾದ ಮಾಡಿ, ಬರೆದು, ಮೂರು ವರ್ಷ ದುಡಿದಿದ್ದರು. ಹೆಚ್ಚಿನ ಭಾಗ ಮಲ್ಲಿಕಾರ್ಜುನನದು ಮತ್ತು ಅವಳದು.

ಮರುದಿನ ಬೆಳಿಗ್ಗೆ ಆರೋಪಿಗಳನ್ನು ಹುಡುಕಿಕೊಂಡು ನಾನು, ಹಣಮಂತರಾಯ ಮತ್ತು ಇಬ್ಬರು ಪೇದೆಗಳು ಗುಲ್ಬರ್ಗದಲ್ಲಿದ್ದ ಚಂದ್ರಕಾಂತನ ತರಬೇತಿ ಕೇಂದ್ರಕ್ಕೆ ಹೋದೆವು. ಎರಡಂತಸ್ತಿನ ಕಟ್ಟಡ. ಬಾಗಿಲಿಗೆ ಒಳಗಿನಿಂದ ಚಿಲಕ. ಬಾಗಿಲು ತಟ್ಟುತ್ತಿರುವಾಗಲೇ ರಸ್ತೆಯ ಆ ತುದಿಯಲ್ಲಿ ಎರಡು ಟ್ರ್ಯಾಕ್ಟರ್ ಬಂದು ನಿಂತವು. ಕಮಲಾಪುರದ ಹುಡುಗರು. ಮಲ್ಲಿಕಾರ್ಜುನನ ಕೈ ಹೋದ ಸುದ್ದಿ ಊರನ್ನು ತಲುಪಿತ್ತು. ಅವರಲ್ಲಿ ಅರ್ಧಕ್ಕರ್ಧ ಜನ ಕಂಪ್ಯೂಟರ್ ಮುಟ್ಟಿದವರಲ್ಲ. ತಮ್ಮೂರ ಹುಡುಗನನ್ನು ತಮ್ಮೂರ ತೋಟದಲ್ಲೇ ಬಂದು ಹೊಡೆದರೆಂಬುದು ಅವರಿಗೆ ಸಾಕಾಗಿತ್ತು.

ಮೊದಲ ಕಲ್ಲು ಬೋರ್ಡಿಗೆ ಬಿತ್ತು. ಆಮೇಲೆ ಎಣಿಕೆಯಿಲ್ಲ. ನಾನು ಕೈಯೆತ್ತಿ ಕೂಗುತ್ತ ಮುಂದೆ ಹೋದೆ. ಒಂದು ಕಲ್ಲು ಎಡ ಹೆಗಲಿಗೆ ಬಡಿದು ತೋಳು ಜೋತುಬಿತ್ತು. ಇನ್ನೊಂದು ಒಬ್ಬ ಪೇದೆಯ ಕಿವಿ ಹರಿಯಿತು. ಗಾಜು ಉದುರಿದವು. ಯಾರೋ ಟ್ರ್ಯಾಕ್ಟರಿನ ಡೀಸೆಲ್ ಕ್ಯಾನು ತಂದು ಕಿಟಕಿಯಿಂದ ಸುರಿದು ಬೆಂಕಿ ಇಟ್ಟರು. ಒಳಗೆ ಪರದೆ, ಕುರ್ಚಿ, ವೈರು ಎಲ್ಲ ಹೊತ್ತಿಕೊಂಡು ಕಪ್ಪು ಹೊಗೆ ಎದ್ದಿತು. ಕಂಪ್ಯೂಟರಿನ ಗಾಜಿನ ಪರದೆಗಳು ಒಂದೊಂದಾಗಿ ಸಿಡಿಯುವ ಸದ್ದು ಗುಂಡಿನ ಸದ್ದಿನಂತೆ ಕೇಳುತ್ತಿತ್ತು.

ಆಗ ಮಾಳಿಗೆಯ ಮೇಲೆ ಒಬ್ಬ ಕಾಣಿಸಿಕೊಂಡ. ನೀರಿನ ಟಾಕಿಯ ಹಿಂದೆ ಅಡಗಿದ್ದವನು ಹೊಗೆ ತಡೆಯಲಾರದೆ ಎದ್ದಿದ್ದ. "ಜಗ್ಗ್ಯಾ ಅಲ್ಲಿದ್ದಾನ!" ಎಂದು ಕೂಗೆದ್ದಿತು. ಜಗದೀಶನಿಗೆ ಬೇರೆ ದಾರಿ ಇರಲಿಲ್ಲ. ಪಕ್ಕದ ಅಂಗಡಿಯ ತಗಡಿನ ಮೇಲೆ ಹಾರಿದ. ತಗಡು ಕುಸಿದು ನೇರ ಜನರ ನಡುವೆ ಬಿದ್ದ. ಕಾಲು ಉಳುಕಿ ಏಳಲಾಗಲಿಲ್ಲ. ಒಬ್ಬ ಸೈಕಲ್ ಚೈನಿನಿಂದ ಬಾರಿಸಿದ. ಮತ್ತೊಬ್ಬ ಅವನ ಕೈಯನ್ನು ಎಳೆದು ರಸ್ತೆಯ ಮೇಲಿಟ್ಟು, "ಇವನ ಕೈನೂ ಜಜ್ಜ್ರಿ!" ಎಂದು ಕಲ್ಲೆತ್ತಿದ. ನಾನು ಜಗದೀಶನ ಮೇಲೆ ಅಡ್ಡ ಬಿದ್ದೆ. ಎತ್ತಿದ ಕಲ್ಲು ನನ್ನ ಬೆನ್ನಿಗೆ ಬಿತ್ತು. ಹಣಮಂತರಾಯ ಲಾಠಿ ಬೀಸುತ್ತ ದಾರಿ ಮಾಡಿಕೊಟ್ಟರು, ಅಷ್ಟರಲ್ಲಿ ನಗರ ಠಾಣೆಯ ವ್ಯಾನು ಬಂತು. ಇಲ್ಲದಿದ್ದರೆ ಅಂದು ಹೆಣ ಬೀಳುತ್ತಿತ್ತು, ಬಹುಶಃ ಎರಡು.

ವ್ಯಾನಿನಲ್ಲಿ ಜಗದೀಶ ನನ್ನ ಪಕ್ಕದಲ್ಲಿ ಕೂತಿದ್ದ. ತಾಜಸುಲ್ತಾನಪುರದವನು, ಡಿಪ್ಲೊಮಾ ಓದಿದವನು, ಇಪ್ಪತ್ತನಾಲ್ಕರ ಪ್ರಾಯ. ನಾನು ಏನೂ ಕೇಳಿರಲಿಲ್ಲ.

"ಕೈ ಹಿಡದಿದ್ದು ನಾನೇರಿ," ಎಂದ. "ಅಂಜಸೋದು ಅಷ್ಟೇ ಅಂದಿದ್ರು. ಬಿಡಬೇಕು ಅನಿಸ್ತು. ಶಂಕರಣ್ಣ ನನ್ನ ಮಾರಿ ನೋಡಿದ. ಬಿಡಲಿಲ್ರಿ."

ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ, ಬಲವಂತವಿಲ್ಲದೆ ಹೇಳಿದ್ದಷ್ಟೇ ಸಾಕ್ಷ್ಯ. ಅದನ್ನು ಅವನಿಗೆ ತಿಳಿಸಿದೆ. ಅವನು ಅಲ್ಲಿಯೂ ಹೋಗಿ ಇದನ್ನೇ ಹೇಳಿದ. ಶಂಕರ ಮತ್ತು ಡ್ರೈವರ್ ಗಡಿಯಾಚೆ ಸೋಲಾಪುರದ ಒಂದು ಲಾಡ್ಜಿನಲ್ಲಿ ಸಿಕ್ಕಿಬಿದ್ದರು. ಶಂಕರನ ತೋಳಿನಲ್ಲಿ ವೃಂದಾಳ ಹಲ್ಲಿನ ಗುರುತು ಇನ್ನೂ ಹಸಿಯಾಗಿತ್ತು. ಟ್ರ್ಯಾಕ್ಟರಿನಲ್ಲಿ ಬಂದವರ ಮೇಲೂ ಬೆಂಕಿ ಹಚ್ಚಿದ ಬೇರೆ ಪ್ರಕರಣ ದಾಖಲಾಯಿತು. ಅದಕ್ಕಾಗಿ ಕಮಲಾಪುರದಲ್ಲಿ ಎಷ್ಟೋ ಜನ ನನ್ನೊಂದಿಗೆ ಮಾತು ಬಿಟ್ಟರು.

ಚಂದ್ರಕಾಂತನನ್ನು ಒಳಸಂಚಿನ ಆರೋಪದ ಮೇಲೆ ಬಂಧಿಸಿದೆ. ಅವನು ಬಹಳ ಬೇಗ ಜಾಮೀನು ಪಡೆದ. ಅವನು ಹೊರಗೆ ಬಂದ ವಾರದಲ್ಲೇ, ಹಾಡುಹಗಲು, ಆಚಾರ್ಯರು ಗುಡಿಯಿಂದ ಮನೆಗೆ ಮರಳುತ್ತಿದ್ದಾಗ ಮೋಟರ್‌ಸೈಕಲ್ ಮೇಲೆ ಬಂದ ಇಬ್ಬರು ಹಿಂದಿನಿಂದ ಕಟ್ಟಿಗೆಯಲ್ಲಿ ತಲೆಗೆ ಹೊಡೆದು ಹೋದರು. "ಮಗಳಿಗೆ ಹೇಳು," ಎಂದಷ್ಟೇ ಅಂದರಂತೆ. ಅವರು ಯಾರೆಂದು ಕೊನೆಗೂ ಪತ್ತೆಯಾಗಲಿಲ್ಲ. ಬ್ರಹ್ಮಪುರ ನನ್ನ ಸರಹದ್ದಲ್ಲ, ಆದರೂ ನಾನು ಆಸ್ಪತ್ರೆಗೆ ಹೋದೆ. ತಲೆತುಂಬ ಹೊಲಿಗೆ. ಪಕ್ಕದಲ್ಲಿ ವೃಂದಾ ಸದ್ದಿಲ್ಲದೆ ಅಳುತ್ತಿದ್ದಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಸರ್, ನಾ ಹೇಳಿಕೆ ವಾಪಸ್ ತೊಗೋತೀನಿ," ಎಂದಳು. "ನನ್ನ ಹೆಸರು ತೆಗೀರಿ."

ಆಚಾರ್ಯರು ಕಣ್ಣು ತೆರೆದರು. ಅವರಿಗೆ ಮಾತು ಕಷ್ಟವಾಗಿತ್ತು. ಮಗಳಿಗೆ ತಮ್ಮ ಮನೆಮಾತಾದ ಮರಾಠಿಯಲ್ಲಿ ಏನೋ ಗದರಿ, ಆಮೇಲೆ ನನಗೆಂದು ಕನ್ನಡಕ್ಕೆ ಹೊರಳಿದರು. "ತೆಗೀಬ್ಯಾಡ್ರಿ ಸಾಹೇಬ್ರ. ಆವತ್ತು ನಾನು ಅಂಜಿ ಅಂದಿದ್ದೆ. ಈಗ ಹೊಡಸ್ಕೊಂಡಾಯ್ತು. ಇನ್ನ ಎದಕ್ಕ ತೆಗೀಬೇಕು?"

ಹೆಸರು ಉಳಿಯಿತು.

ಪ್ರಕರಣ ಸೆಷನ್ಸ್ ನ್ಯಾಯಾಲಯದಲ್ಲಿ ವಿಚಾರಣೆಗೆ ಬಂದದ್ದು 2005ರಲ್ಲಿ. ಅಷ್ಟರಲ್ಲಿ ನನಗೆ ವರ್ಗವಾಗಿತ್ತು. ಸಾಕ್ಷಿ ಹೇಳುವುದಕ್ಕೆ ಬಂದು ಹೋಗುತ್ತಿದ್ದೆ. ಆರೋಪಿಗಳ ವಕೀಲರು ನುರಿತವರು. ವೃಂದಾಳನ್ನು ಅರ್ಧ ದಿನ ನಿಲ್ಲಿಸಿ ಪ್ರಶ್ನಿಸಿದರು. ಮದುವೆಯಾಗದ ಹೆಣ್ಣು ಬಾಳೆ ತೋಟಕ್ಕೆ ಯಾಕೆ ಹೋಗಿದ್ದಳು ಎಂಬಲ್ಲಿಂದ ಶುರು ಮಾಡಿ ಅಲ್ಲಿಗೇ ಮುಗಿಸಿದರು. ಅವಳು ಪ್ರತಿ ಸಲವೂ, "ಅವರ ಮಾವನವರು ತ್ವಾಟಕ್ಕ ಊಟಕ್ಕ ಕರದಿದ್ರು," ಎಂಬ ಒಂದೇ ಉತ್ತರ ಕೊಟ್ಟಳು. ಆಮೇಲೆ ಮಲ್ಲಿಕಾರ್ಜುನನ ಸರದಿ. ವಕೀಲರ ಯೋಜನೆ ಸರಳವಾಗಿತ್ತು: ಕಾರಣವೇ ನಂಬುವಂಥದ್ದಲ್ಲ ಎಂದು ತೋರಿಸಿದರೆ ಉಳಿದ ಕಥೆಯೂ ಅಲುಗಾಡುತ್ತದೆ.

"ಈ ಕೆಲಸಕ್ಕೆ ನಿಮಗೆ ಯಾರಾದರೂ ಸಂಬಳ ಕೊಟ್ಟಿದ್ದರೇ?" ಎಂದು ಕೇಳಿದರು.

"ಇಲ್ರಿ."

"ನೀವೇ ಎಲ್ಲರಿಗೂ ಪುಕ್ಕಟೆ ಹಂಚಿದ್ದೀರಿ. ಅಂಥದ್ದರ ಮೇಲೆ ನಿಮ್ಮ ಹೆಸರು ಇದ್ದರೇನು, ಬಿಟ್ಟರೇನು? ಅದಕ್ಕಾಗಿ ಒಬ್ಬರು ಇನ್ನೊಬ್ಬರ ಕೈ ಮುರಿಯುತ್ತಾರೆಂದು ನ್ಯಾಯಾಲಯ ನಂಬಬೇಕೇ?"

ಮಲ್ಲಿಕಾರ್ಜುನ ಬಲಗೈಯನ್ನು ಕಟಕಟೆಯ ಮೇಲಿಟ್ಟಿದ್ದ.

"ಕೆಲಸ ಪುಕ್ಕಟೆ ಕೊಟ್ಟೀವ್ರಿ. ಹೆಸರು ಅಳಸ್ರಿ ಅಂತ ಕೊಟ್ಟಿಲ್ಲ," ಎಂದ. "ಪಗಾರ ತೊಗೊಂಡಿದ್ರ, ನಾ ಮಾಡೀನಿ ಅನ್ನಾಕ ಪಗಾರ ಇರ್ತಿತ್ತು. ನಮಗ ಆ ಹೆಸರೊಂದೇ ಇತ್ತು. ಅದು ಏನೂ ಅಲ್ಲ ಅಂತ ಅವರಿಗೂ ಅನಿಸಿದ್ರ ತಮ್ಮ ಹೆಸರು ಯಾಕ ಹಾಕ್ಕೋತಿದ್ರು? ನಾ ಕೇಳಿದ್ದಕ್ಕ ಯಾಕ ಹೊಡೀತಿದ್ರು?"

ವಕೀಲರು ಕಡತ ಮಡಚಿ ಕೂತರು.

ಶಂಕರನಿಗೂ ಡ್ರೈವರಿಗೂ ಏಳು ವರ್ಷ, ಜಗದೀಶನಿಗೆ ಮೂರು ವರ್ಷ ಶಿಕ್ಷೆಯಾಯಿತು. ಚಂದ್ರಕಾಂತ ಕಳಿಸಿದನೆಂಬುದಕ್ಕೆ ನೇರ ಸಾಕ್ಷ್ಯ ಸಾಲದೆ ಅವನು ಬಿಡುಗಡೆಯಾದ. ಕೋರ್ಟಿನ ಮೆಟ್ಟಿಲಿಳಿಯುವಾಗ ನನಗೆ ನಮಸ್ಕಾರ ಮಾಡಿ ಹೋದ. ಆ ನಮಸ್ಕಾರ ಇಂದಿಗೂ ನನಗೆ ಜೀರ್ಣವಾಗಿಲ್ಲ.

ಕಡತ ಅಲ್ಲಿಗೆ ಮುಗಿಯಿತು. ಆದರೆ ನನಗೆ ಈ ಪ್ರಕರಣ ನೆನಪಿರುವುದು ಅದರ ನಂತರ ನಡೆದದ್ದಕ್ಕಾಗಿ.

ತೀರ್ಪಾಗಿ ಕೆಲವು ತಿಂಗಳ ಮೇಲೆ ಬ್ರಹ್ಮಪುರದತ್ತ ಹೋದಾಗ ಆಚಾರ್ಯರ ಆರೋಗ್ಯ ವಿಚಾರಿಸಲೆಂದು ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ಕಂಪ್ಯೂಟರಿನ ಮುಂದೆ ಮಲ್ಲಿಕಾರ್ಜುನ ಕೂತಿದ್ದ. ಎದುರಿಗೆ ವೃಂದಾ ನಿಂತಿದ್ದಳು, ಮುಖ ಕೆಂಪಾಗಿತ್ತು. ನಾನು ಬಂದದ್ದನ್ನು ನೋಡಿಯೂ ಅವಳ ದನಿ ತಗ್ಗಲಿಲ್ಲ.

"ನೀವೇ ಹೇಳ್ರಿ ಸರ್ ಇವನಿಗೆ! ತನ್ನ ಕೈ ಹಿಡದು ಕೊಟ್ಟವನ ಹೆಸರು ಹಾಕ್ತಾನಂತ!"

ಬೆಳಕಿಂಡಿಯ ಹೊಸ ಆವೃತ್ತಿ ಸಿದ್ಧವಾಗುತ್ತಿತ್ತು. ಹಳೆಯದರಲ್ಲಿ ಒಂದು ದೊಡ್ಡ ಕೊರತೆ ಇತ್ತು: ಪರದೆಯ ಮೇಲೆ ಸರಿಯಾಗಿ ಕಾಣುವ ಕನ್ನಡ, ಕಾಗದದ ಮೇಲೆ ಪ್ರಿಂಟ್ ತೆಗೆದರೆ ಒಡೆದುಹೋಗುತ್ತಿತ್ತು. ಒತ್ತಕ್ಷರಗಳು ಕೆಳಗೆ ಕೂರುತ್ತಿರಲಿಲ್ಲ. 'ಅಮ್ಮ' ಎಂದು ಬರೆದರೆ 'ಅಮ್‌ಮ' ಎಂದು ಬರುತ್ತಿತ್ತು. ಎಷ್ಟು ಒದ್ದಾಡಿದರೂ ಈ ಬಳಗದವರಿಗೆ ಅದು ಬಗೆಹರಿದಿರಲಿಲ್ಲ. ಚಂದ್ರಕಾಂತ ಹಂಚಿದ 'ಚಂದ್ರ'ದಲ್ಲಿ ಅದು ಸರಿಯಾಗಿತ್ತು. ಸರಿಮಾಡಿದವನು ಅಲ್ಲಿ ಪ್ರೋಗ್ರಾಮರ್ ಆಗಿದ್ದ ಜಗದೀಶ. ಹೆಸರು ಅಳಿಸುವಾಗ ಚಂದ್ರಕಾಂತ ಅವನ ಹೆಸರನ್ನೂ ಉಳಿಸಿರಲಿಲ್ಲ. ಈಗ ಆ ತಿದ್ದುಪಡಿಯನ್ನು ಬೆಳಕಿಂಡಿಗೆ ಸೇರಿಸಿಕೊಂಡಿದ್ದರು. ಫ್ರೀ ಸಾಫ್ಟ್‌ವೇರಿನ ನಿಯಮದಂತೆ ಅದಕ್ಕೆ ಅಡ್ಡಿಯೂ ಇರಲಿಲ್ಲ. ಪ್ರಶ್ನೆ ಇದ್ದದ್ದು ಹೆಸರಿನದು.

"ಅವನು ಮಾಡ್ಯಾನ, ವೃಂದಾ," ಎಂದ ಮಲ್ಲಿಕಾರ್ಜುನ.

"ಅವನು ಏನು ಮಾಡ್ಯಾನ ನನಗ ಗೊತ್ತದ! ನಾ ನೋಡೀನಿ! ನೀ ಕಣ್ಣು ಮುಚ್ಚಿದ್ದಿ, ನಾ ನೋಡೀನಿ!"

"ಅದನ್ನೂ ಅವನೇ ಮಾಡ್ಯಾನ, ಇದನ್ನೂ ಅವನೇ ಮಾಡ್ಯಾನ. ಅದಕ್ಕ ಜೇಲಿನಾಗ ಇದ್ದಾನ. ಇದಕ್ಕ ಇಲ್ಲಿ ಇರಬೇಕು. ನಾ ಅವನ ಹೆಸರು ಬಿಟ್ರ, ಚಂದ್ರಕಾಂತ ಮಾಡಿದ್ದಕ್ಕೂ ನಾ ಮಾಡಿದ್ದಕ್ಕೂ ಏನು ಫರಕು ಉಳೀತು?"

"ಅವನು ನಿನ್ನ ಕೈ..." ಎಂದವಳು ಮುಂದುವರಿಸಲಾರದೆ, ಮೇಜಿನ ಮೇಲಿದ್ದ ಸ್ಟೀಲಿನ ತಂಬಿಗೆಯನ್ನೆತ್ತಿ ಗೋಡೆಗೆ ಎಸೆದಳು. ಸುಣ್ಣ ಉದುರಿತು. ಒಳಗಿನಿಂದ ಆಚಾರ್ಯರು, "ಏನಾತು?" ಎಂದು ಕೂಗಿದರು. ಬಹಳ ಹೊತ್ತಿನ ಮೇಲೆ ಅವಳೇ ಹೋಗಿ ತಂಬಿಗೆ ಎತ್ತಿಕೊಂಡು ಬಂದಳು.

"ಹಾಕು," ಎಂದಳು. "ಆದ್ರ ನನ್ನ ಹೆಸರಿನ ಬಾಜೂಕ ಬ್ಯಾಡ."

"ಅಕ್ಷರದ ಸಾಲಿನ ಪ್ರಕಾರ ಬರ್ತಾವು. ನಡುವ ನಾನೇ ಇರ್ತೀನಿ," ಎಂದ ಮಲ್ಲಿಕಾರ್ಜುನ. ಅವಳಿಗೆ ನಗು ಬರಲಿಲ್ಲ, ನನಗೂ ಬರಲಿಲ್ಲ.

ಅವನು ನನ್ನತ್ತ ತಿರುಗಿದ. "ಸಾಹೇಬ್ರ, ಒಂದು ಕೆಲಸ ಮಾಡ್ತೀರೇನು? ಕೇಳದೇ ಒಬ್ಬರ ಹೆಸರು ಹಾಕಬಾರದು. ಹಾಕಬಹುದೋ ಇಲ್ಲೋ, ಹಾಕಿದ್ರ ಹ್ಯಾಂಗ ಬರೀಬೇಕು, ಅವನಿಗೆ ಕೇಳ್ಕೊಂಡು ಬರ್ರಿ. ನಾ ಹೋದ್ರ ಅವನು ಮಾರಿ ಎತ್ತಂಗಿಲ್ಲ."

ಅನುಮತಿ ಪಡೆದು ನಾನು ಜೈಲಿಗೆ ಹೋದೆ. ಜಗದೀಶ ಸೊರಗಿದ್ದ. ನಾನು ವಿಷಯ ಹೇಳಿದಾಗ ಅವನಿಗೆ ಮೊದಲು ಅರ್ಥವಾಗಲಿಲ್ಲ. ಇದು ಇನ್ನೊಂದು ಕೇಸೆಂದು ತಿಳಿದು ಹೆದರಿದ. ಮತ್ತೊಮ್ಮೆ ಬಿಡಿಸಿ ಹೇಳಿದೆ.

"ಒತ್ತಕ್ಷರದ್ದಾ?" ಎಂದ. "ಅದು ಬರೋಬ್ಬರಿ ಬರ್ಲಾಕತ್ತದೇನ್ರಿ ಈಗ?"

"ಬರ್ತದಂತ."

ಅವನು ಸರಳನ್ನು ಹಿಡಿದು ನಿಂತ. "ಕೈ ಹಿಡದವನ ಹೆಸರು ಇದು ಅಂತ ಗೊತ್ತಿದ್ದೇ ಕೇಳ್ಯಾನೇನ್ರಿ ಮಲ್ಲಣ್ಣ?"

"ಗೊತ್ತಿದ್ದೇ."

ಅವನು ಮುಖವನ್ನು ತೋಳಿನಲ್ಲಿ ಮುಚ್ಚಿಕೊಂಡು ಅತ್ತ. ಕಾವಲಿನವನು ಹತ್ತಿರ ಬಂದು, ಸಮಯವಾಯಿತೆಂದು ನನಗೆ ಸನ್ನೆ ಮಾಡಿದ. ಆಗ ಜಗದೀಶ ಮುಖ ಒರೆಸಿಕೊಂಡು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ: "ಜಗದೀಶ ಮಾಣಿಕಪ್ಪ. ಅಪ್ಪನ ಹೆಸರು ಸೇರಿಸ್ರಿ. ಊರಿಂದೂ ಇರ್ಲಿ, ತಾಜಸುಲ್ತಾನಪುರ."

ಚಾರ್ಜ್‌ಶೀಟಿನಲ್ಲಿ ಮೂರನೇ ಆರೋಪಿ ಎಂದು ನಾನು ಬರೆದ ಹೆಸರೂ ಅಕ್ಷರಶಃ ಅದೇ: ತಂದೆಯ ಹೆಸರು, ಊರು ಸಮೇತ.

ನಿವೃತ್ತಿಯಾಗುವವರೆಗೆ ಎಷ್ಟೋ ಆರೋಪಿಗಳ ಹೆಸರು ಬರೆದೆ. ಒಬ್ಬನ ಹೆಸರು ನಮ್ಮ ಕಾಗದಕ್ಕೆ ಏರಿತೆಂದರೆ ಅವನು ಮಾಡಿದ್ದೆಲ್ಲ ಅಷ್ಟೇ, ಅವನಿರುವುದೆಲ್ಲ ಅಷ್ಟೇ ಎಂದು ನೋಡುವುದು ನಮ್ಮ ಇಲಾಖೆಯಲ್ಲಿ ಬಹಳ ಸುಲಭ. ಜನರಿಗೆ ಇದರ ಉಲ್ಟಾ ಅಭ್ಯಾಸವಿದೆ: ಒಳ್ಳೆಯ ಕೆಲಸ ಮಾಡಿದವನೆಂದು ಅವನ ಅಪರಾಧ ಮರೆಯುವುದು. ಎರಡೂ ಅಳಿಸುವ ಕೆಲಸವೇ. ಯಾರು ಏನು ಮಾಡಿದರೋ ಅದನ್ನು ಅವರ ಹೆಸರಿಗೆ ಬರೆಯಬೇಕು, ಪೂರ್ತಿ ಬರೆಯಬೇಕು, ಒಂದನ್ನು ಬರೆಯಲು ಇನ್ನೊಂದನ್ನು ಒರೆಸಬಾರದು. ತನಿಖೆ ಎಂದರೆ ಇಷ್ಟೇ ಎಂದು ನನಗೆ ಕಲಿಸಿದವನು ಮಲ್ಲಿಕಾರ್ಜುನ. ನಾನು ಜೈಲಿನಿಂದ ಮರಳಿ ಬಂದು ಹೇಳಿದ ಮೇಲೆ, ಎರಡು ಬೆರಳಿನ ಕೈಯಿಂದ ಜಗದೀಶನ ಹೆಸರನ್ನು ಅವನು ನನ್ನ ಕಣ್ಣೆದುರಿಗೇ ನಿಧಾನಕ್ಕೆ ಟೈಪ್ ಮಾಡಿದ. 'ತಾಜಸುಲ್ತಾನಪುರ' ಎಂದು ಬರೆಯುವಲ್ಲಿ ಒಂದು ಕಡೆ ತಪ್ಪಾಯಿತು. ವೃಂದಾ ಬಗ್ಗಿ ನೋಡಿ, "ಅಲ್ಲಿ ಒತ್ತಕ್ಷರ ಅದ," ಎಂದಳು. ಅವನು ತಿದ್ದಿದ.